ಎರಡೂ ಕೈ ಎತ್ತಿದ ಫೋಟೊ

ಮಾರ್ಚ್ 3, ಸೋಮವಾರ
ಫಾಲೋವರ್ಸ್: 18,412. ರಾತ್ರಿಯ ಊಟ: ಒಂದು ಸೌತೆಕಾಯಿ.

ಬಂತು! ಆರು ವರ್ಷ ಕಾದಿದ್ದು ಬಂತು. ಪೇಟೆಯ ಆ ದೊಡ್ಡ ಬಟ್ಟೆ ಅಂಗಡಿ, ನಾಲ್ಕು ಮಹಡಿಯದು, ತಿರುಗುವ ಬಾಗಿಲಿನದು, ಕೊಲಾಬರೇಷನ್ನಿಗೆ ನನ್ನನ್ನು ಆರಿಸಿದೆ. ತುಂಬಿದ ಮೈಯ ಹೆಂಗಸರಿಗೆಂದೇ ಹೊಸ ವಿಭಾಗ ತೆರೆಯುತ್ತಾರಂತೆ. ಹನ್ನೆರಡು ಉಡುಪು ಕಳಿಸುತ್ತಾರೆ. ನಾನು ತೊಟ್ಟು, ಫೋಟೊ ತೆಗೆಸಿ, ನನ್ನ ‘ತುಂಬು ತೋಳು’ ಬ್ಲಾಗಿನಲ್ಲಿ ಹಾಕಬೇಕು. ಏಪ್ರಿಲ್ ಆರನೇ ತಾರೀಕು ವಿಭಾಗ ತೆರೆಯುವ ದಿನ ಅದರಲ್ಲೊಂದು ಫೋಟೊವನ್ನು ಆಳೆತ್ತರ ಮಾಡಿ ರಸ್ತೆಗೆ ಮುಖ ಮಾಡಿದ ಗಾಜಿನ ಕಿಟಕಿಯಲ್ಲಿ ನಿಲ್ಲಿಸುತ್ತಾರೆ. ಆ ಕಿಟಕಿಯಲ್ಲಿ, ನಾನು!

ಆ ಕಿಟಕಿಯ ಕಥೆಯನ್ನು ಯಾರಿಗೂ ಹೇಳಿಲ್ಲ. ಆರು ವರ್ಷದ ಹಿಂದೆ ಅದರಲ್ಲಿದ್ದ ನೀಲಿ ಉಡುಪು ನೋಡಿ ಒಳಗೆ ಹೋಗಿ, ನನ್ನ ಅಳತೆಯದು ಇದೆಯೇ ಎಂದು ಕೇಳಿದ್ದೆ. ಮಾರುವ ಹುಡುಗಿ ತಲೆ ಎತ್ತದೆ, “ಮೂರನೇ ಮಹಡಿಗೆ ಹೋಗಿ” ಎಂದಳು. ನಂಬಿ ಹತ್ತಿದೆ. ಮೂರನೇ ಮಹಡಿಯಲ್ಲಿ ಪರದೆ, ಹಾಸಿಗೆ ಹೊದಿಕೆ, ಸೋಫಾ ಕವರು. ಅಂದಿನಿಂದ ಆ ರಸ್ತೆಯಲ್ಲಿ ಹೋಗುವಾಗ ಎದುರಿನ ಪಾದಚಾರಿ ದಾರಿಯಲ್ಲೇ ಹೋಗುತ್ತೇನೆ. ಬ್ಲಾಗು ಶುರುವಾದದ್ದೂ ಅದೇ ವಾರ.

ಇವರಿಗೆ ಹೇಳಿದೆ. ಇವರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಸಂತೋಷವಾದರೂ ಗಾಬರಿಯಾದರೂ ಬಲಗಾಲಿನಿಂದ ಇಲ್ಲದ ಬ್ರೇಕು ಒತ್ತುತ್ತಾರೆ. ಇಂದು ಎರಡು ಸಲ ಒತ್ತಿದರು.

ಅತ್ತೆಯವರಿಗೂ ಹೇಳಿದೆ. ಹೇಳಬಾರದಿತ್ತು.

“ಒಳಮಗ್ಗುಲು ನೋಡಿದ್ಯಾ?”

“ಬಟ್ಟೆ ಇನ್ನೂ ಬಂದೇ ಇಲ್ಲ ಅತ್ತೆ.”

“ಬಂದ್ಮೇಲೆ ನೋಡು. ಹೊರಮಗ್ಗುಲು ಎಲ್ಲರೂ ನೋಡ್ತಾರೆ.”

ಅತ್ತೆಯವರು ಮೂವತ್ತೊಂದು ವರ್ಷ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಚೆಕ್ಕರ್ ಆಗಿದ್ದವರು. ಹೊಲಿದು ಬಂದದ್ದನ್ನು ತಿರುವಿ ಹಾಕಿ, ತಪ್ಪಿದ್ದ ಕಡೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು, ತಪ್ಪೇ ಇಲ್ಲದಿದ್ದರೆ ತಮ್ಮ ನಂಬರಿನ ಹಸಿರು ಸ್ಟಿಕ್ಕರ್ ಅಂಟಿಸುವುದು ಅವರ ಕೆಲಸ. ಅವರ ನಂಬರು ಹದಿನೇಳು. ನಿವೃತ್ತರಾದಾಗ ಬೇರೆಯವರು ಗೋಡೆ ಗಡಿಯಾರ ತಂದರೆ ನಮ್ಮ ಅತ್ತೆಯವರು ಸ್ಟಿಕ್ಕರಿನ ಸುರುಳಿಗಳನ್ನು ತಂದರು. ಐದು ವರ್ಷದಲ್ಲಿ ಕೆಂಪು ಸುರುಳಿ ಮೂರು ಖಾಲಿಯಾಗಿವೆ. ಬಾಗಿಲಿನ ಬಣ್ಣ ಎದ್ದ ಕಡೆ ಬಾಣ, ನಾನು ತೊಳೆದ ಲೋಟಕ್ಕೆ ಬಾಣ, ಕ್ಷೌರ ಸರಿಯಾಗಿಲ್ಲವೆಂದು ಸ್ವಂತ ಮಗನ ಕುತ್ತಿಗೆಗೂ ಬಾಣ. ಹಸಿರು ಸುರುಳಿಯ ಪ್ಲಾಸ್ಟಿಕ್ ಇನ್ನೂ ಬಿಚ್ಚಿಲ್ಲ.

ಇಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ದಿನವಿಡೀ ನಾನು ಮುಂದಿನ ಮೇಜಿನಲ್ಲಿ ಕೂತು ನಗುನಗುತ್ತಾ ಚೀಟಿ ಬರೆದುಕೊಟ್ಟೆ. ಸಂಜೆ, ದವಡೆ ಮರಗಟ್ಟಿದ ರೋಗಿಯೊಬ್ಬರು ಕೈಸನ್ನೆ ಮಾಡಿ ಮಾಡಿ ತೋರಿಸಿದ ಮೇಲೆ ಗೊತ್ತಾಯಿತು, ನನ್ನ ಬೆನ್ನಿನ ಮೇಲೆ ಬಾಣವಿತ್ತು. ಹೊಲಿಗೆ ಬಿಟ್ಟಿದೆ ಎಂದು ಬಾಯಲ್ಲಿ ಹೇಳಿದರೆ ಅತ್ತೆಯವರ ಗಂಟೇನು ಹೋಗುತ್ತಿತ್ತು?

ಮಾರ್ಚ್ 7, ಶುಕ್ರವಾರ
ಫಾಲೋವರ್ಸ್: 18,530. ಸೌತೆಕಾಯಿ: ಒಂದೂವರೆ.

ಪೆಟ್ಟಿಗೆ ಬಂತು. ಕರಾರು ಪತ್ರ ಏಳು ಪುಟ. ಏಳನೆಯ ಪುಟದಲ್ಲಿ ಸಹಿ ಹಾಕಿದೆ. ಬಾಕಿ ಆರನ್ನು ಯಾರು ಓದುತ್ತಾರೆ!

ಕೋಣೆಯ ಬಾಗಿಲು ಹಾಕಿಕೊಂಡು ಮೂರನ್ನು ತೊಟ್ಟು ನೋಡಿದೆ. ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ. ಮೊದಲನೆಯದು ಕಂಕುಳಲ್ಲಿ ಹಿಡಿದುಕೊಂಡಿತು. ಎರಡನೆಯದು ತೊಡೆಯ ಹತ್ತಿರ ನಿಂತು ಮುಂದೆ ಬರಲ್ಲ ಎಂದಿತು. ಮೂರನೆಯದನ್ನು ತೊಟ್ಟಾಗ ಭುಜ ಮೊಣಕೈ ಕಡೆಗೆ ಪ್ರಯಾಣ ಬೆಳೆಸಿತು. ತುಂಬಿದ ಮೈಯವರಿಗೆಂದೇ ಮಾಡಿದ ಬಟ್ಟೆ ನನಗೆ ಹತ್ತುವುದಿಲ್ಲವೆಂದರೆ ಅದರ ಅರ್ಥ ಒಂದೇ. ಕುಣಿಯಲಾರದವಳು ನೆಲ ಡೊಂಕು ಅನ್ನಬಾರದು. ಕನ್ನಡಿಯ ಮುಂದೆ ಕೂತು ಸ್ವಲ್ಪ ಅತ್ತೆ.

ಭಾನುವಾರ ಫೋಟೊ. ಉಸಿರು ಬಿಗಿಹಿಡಿದು ನಿಲ್ಲುವುದು ಹೇಗೂ ನನಗೆ ಅಭ್ಯಾಸವಿದೆ. ಪೆಟ್ಟಿಗೆಯನ್ನು ಹೊರಗಿನ ಕೋಣೆಯಲ್ಲಿ ಅತ್ತೆಯವರ ಹೊಲಿಗೆ ಯಂತ್ರದ ಪಕ್ಕ ಇಟ್ಟಿದ್ದೇನೆ, ಬೇರೆ ಕಡೆ ಜಾಗವಿಲ್ಲ.

ಮಾರ್ಚ್ 9, ಭಾನುವಾರ
ಫಾಲೋವರ್ಸ್: 18,544. ಸೌತೆಕಾಯಿ: ಎರಡು (ಖುಷಿಗೆ).

ಪವಾಡ! ಕಂಕುಳಲ್ಲಿ ಹಿಡಿಯುತ್ತಿದ್ದ ಹಸಿರು ಉಡುಪು ಇಂದು ನೀರಿಗೆ ಇಳಿದಂತೆ ಇಳಿಯಿತು. ಆರು ದಿನ ರಾತ್ರಿ ಊಟ ಬಿಟ್ಟದ್ದಕ್ಕೆ ಇಷ್ಟು ಫಲವೇ! ತೂಕದ ಯಂತ್ರದ ಮೇಲೆ ನಿಂತರೆ ಮುಳ್ಳು ಕದಲಿಲ್ಲ. ಯಂತ್ರ ಹಳೆಯದು, ಕೆಟ್ಟಿರಬೇಕು.

ಇವರು ಮನೆಯ ಮುಂದೆ ನಿಂತು ಫೋಟೊ ತೆಗೆದರು. “ಸ್ವಲ್ಪ ರಿವರ್ಸ್ ಬಾ... ಸಾಕು ಸಾಕು, ಹಿಂದೆ ಹೂಕುಂಡ ಇದೆ... ಈಗ ಎಡಕ್ಕೆ ಪೂರ್ತಿ ತಿರುಗ್ಸು.” ತಿರುಗಿಸಬೇಕಾದ್ದು ನನ್ನ ಮುಖವನ್ನು.

ಅತ್ತೆಯವರು ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. “ಕೈ ಎತ್ತು ನೋಡೋಣ” ಎಂದರು. ಒಂದು ಕೈ ಎತ್ತಿದೆ. “ಎರಡೂ ಎತ್ತು.” ಎತ್ತಿದೆ. “ಹ್ಞೂಂ” ಎಂದು ಒಳಗೆ ಹೋದರು. ಆ ‘ಹ್ಞೂಂ’ನಲ್ಲಿ ಎಷ್ಟು ವ್ಯಂಗ್ಯವಿತ್ತೆಂದು ನನಗೆ ಗೊತ್ತು. ಇವರು ಮಾತ್ರ ಆ ಗಳಿಗೆಯಲ್ಲೇ ಬಟನ್ ಒತ್ತಿದ್ದರು. ಆರು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಪಾದಗಳೂ ಫೋಟೊದಲ್ಲಿ ಬಂದಿವೆ!

ಎರಡೂ ಕೈ ಎತ್ತಿದ ಆ ಫೋಟೊವನ್ನೇ ಹಾಕಿ ಬರೆದೆ: “ಗೆಳತಿಯರೇ, ಕೈ ಎತ್ತಬಹುದು! ಬಸ್ಸಿನ ಕಂಬಿ ಹಿಡಿಯಬಹುದು! ಮೇಲಿನ ಶೆಲ್ಫಿನ ಡಬ್ಬಿ ತೆಗೆಯಬಹುದು! ನಮಗೂ ಬಟ್ಟೆ ಮಾಡುವವರು ಕೊನೆಗೂ ಹುಟ್ಟಿದ್ದಾರೆ.” ಕೆಳಗೆ ಸೌತೆಕಾಯಿಯ ಮಹಿಮೆಯ ಬಗ್ಗೆ ನಾಲ್ಕು ಸಾಲು.

ಮಾರ್ಚ್ 15, ಶನಿವಾರ
ಫಾಲೋವರ್ಸ್: 31,907!!

ನಾಲ್ಕು ಉಡುಪು ಆದವು. ಎಲ್ಲವೂ ಅಚ್ಚುಕಟ್ಟಾಗಿ ಹತ್ತುತ್ತಿವೆ. ಕೈ ಎತ್ತಿದ ಫೋಟೊ ಊರೂರು ಸುತ್ತುತ್ತಿದೆಯಂತೆ. ಹೆಂಗಸರು ಕೈ ಎತ್ತಿ ತಮ್ಮ ಫೋಟೊ ಕಳಿಸುತ್ತಿದ್ದಾರೆ. ಅಂಗಡಿಯ ಮಾರ್ಕೆಟಿಂಗ್ ಹುಡುಗಿ ಫೋನ್ ಮಾಡಿ, “ಸೂಪರ್ ಮ್ಯಾಮ್, ಕಿಟಕಿಗೆ ಇದೇ ಫೋಟೊ ಫೈನಲ್, ಕಟೌಟ್ ಮಾಡೋಕೆ ಕೊಟ್ಟಾಯ್ತು” ಎಂದಳು. ಬೇಡಿಕೆ ಎಷ್ಟಿದೆಯೆಂದರೆ ವಿಭಾಗ ತೆರೆಯುವ ಮೊದಲೇ ಬಟ್ಟೆ ಮಾರತೊಡಗಿದ್ದಾರೆ. ಸದ್ಯಕ್ಕೆ ಮೂರನೇ ಮಹಡಿಯಲ್ಲಂತೆ, ಪರದೆಗಳ ಪಕ್ಕ. ಅದನ್ನು ಕೇಳಿ ಯಾಕೋ ‘ಯಾವ ಮಹಡಿ?’ ಎಂದು ಇನ್ನೆರಡು ಸಲ ಕೇಳಿದೆ. ಖಾಲಿ ಹೊಟ್ಟೆಗೆ ಕಿವಿಯೂ ಮಂದವಾಗುತ್ತದೆ, ಅದಕ್ಕೇ ಇರಬೇಕು.

ಅಂಗಡಿಯ ಪಟ್ಟಿಯಲ್ಲಿ ನೋಡಿದರೆ ಹನ್ನೆರಡು ಉಡುಪಿಗೂ ಅದೇ ಬಟ್ಟೆಯ ಬೆಲ್ಟಿದೆ. ನನ್ನ ಪೆಟ್ಟಿಗೆಯಲ್ಲಿ ಒಂದೂ ಇಲ್ಲ. ಈಮೇಲಿನಲ್ಲಿ ಚೆನ್ನಾಗಿ ಜಾಡಿಸಿದೆ: “ನಿಮ್ಮಂಥ ದೊಡ್ಡ ಸಂಸ್ಥೆಯಿಂದ ಇಂಥ ಬೇಜವಾಬ್ದಾರಿ ನಿರೀಕ್ಷಿಸಿರಲಿಲ್ಲ.”

ಅತ್ತೆಯವರು ಮಧ್ಯಾಹ್ನವೆಲ್ಲ ಯಂತ್ರ ತುಳಿಯುತ್ತಾರೆಂದು ಪಕ್ಕದ ಮನೆಯವರು ಹೇಳಿದರು. ನೆಲದ ತುಂಬ ದಾರದ ಚೂರು. ನಿನ್ನೆ ಇವರ ಹತ್ತಿರ ಬಾಟಲಿ ಹಸಿರು ದಾರ, ಇಂದು ಇಟ್ಟಿಗೆ ಬಣ್ಣದ ದಾರ ತರಿಸಿಕೊಂಡರು. ಯಾರಿಗೆ ಏನು ಹೊಲಿಯುತ್ತಾರೋ. ಕೇಳಿದರೆ, “ನಿನ್ನ ಕೆಲಸ ನೀನು ನೋಡ್ಕೊ” ಎನ್ನುತ್ತಾರೆ. ಗುಡಿಸುವವಳು ನಾನು!

ಮಾರ್ಚ್ 21, ಶುಕ್ರವಾರ
ಫಾಲೋವರ್ಸ್: 40,266.

ಸಂಜೆ ಬಾಗಿಲು ಬಡಿಯಿತು. ಬಡಿದದ್ದು ಕೈಯಲ್ಲಲ್ಲ, ಕಾಲಲ್ಲಿ. ತೆರೆದರೆ ನಮ್ಮ ಕಟ್ಟಡದ ಎರಡನೇ ಮಹಡಿಯ ಗಣಿತದ ಟೀಚರ್. ಮೇಲೆ ಹಾಸಿಗೆ ಹೊದಿಕೆ ಹೊದ್ದಿದ್ದರು. ಅದರೊಳಗೆ ಎರಡೂ ಕೈ ಮೇಲಕ್ಕೆ ಎತ್ತಿಯೇ ಇದ್ದವು.

“ನಿಮ್ಮ ಫೋಟೊ ಥರ ಎತ್ತಿ ನೋಡಿದೆ ಕಣ್ರೀ. ಎತ್ತೋದೇನೋ ಎತ್ತಿದೆ. ಈಗ ಇಳೀತಿಲ್ಲ.”

ಅಂಗಡಿಯಿಂದ ಮಧ್ಯಾಹ್ನವಷ್ಟೇ ತಂದ ಹಸಿರು ಉಡುಪು, ನನ್ನದೇ ಅಳತೆ. ನಾನು ಒಂದು ತೋಳು ಹಿಡಿದು ಎಳೆದೆ, ಟೀಚರ್ “ಅಯ್ಯಯ್ಯೋ” ಎಂದರು. ಅತ್ತೆಯವರು ಬಂದು, “ಎಳೀಬೇಡ, ಮಗು ಹೆರಿಗೆ ಅಲ್ಲ ಇದು” ಎಂದು ನನ್ನನ್ನು ಪಕ್ಕಕ್ಕೆ ಸರಿಸಿ, ಟೀಚರನ್ನು ಬಗ್ಗಿಸಿ, ಎರಡು ಬೆರಳಿನಲ್ಲಿ ಏನೋ ಮಾಡಿ ಒಂದೇ ಸಲಕ್ಕೆ ಬಿಡಿಸಿದರು.

ಆಮೇಲೆ ಆ ಉಡುಪನ್ನು ತಿರುವಿ ಮೇಜಿನ ಮೇಲೆ ಹರಡಿದರು. ಟಪ್, ಟಪ್, ಟಪ್, ಏಳು ಕೆಂಪು ಬಾಣ. ನನ್ನ ಹಸಿರು ಉಡುಪನ್ನೂ ತಂದು ಪಕ್ಕದಲ್ಲಿ ತಿರುವಿದರು. ನನ್ನದರ ಕಂಕುಳಲ್ಲಿ ಅಂಗೈ ಅಗಲದ, ಮೂಲೆ ಮೂಲೆ ಸರಿಯಾದ, ಚೌಕದ ತುಂಡೊಂದು ಕೂತಿತ್ತು. ಭುಜ ಬಿಚ್ಚಿ ಮತ್ತೆ ಕೂರಿಸಿದ್ದರು. ಎಷ್ಟು ಸಣ್ಣ ಹೊಲಿಗೆಯೆಂದರೆ ಎರಡು ವಾರ ತೊಟ್ಟ ನನಗೇ ಗೊತ್ತಾಗಿರಲಿಲ್ಲ.

“ಹನ್ನೆರಡರಲ್ಲಿ ಅರವತ್ತೊಂದು ತಪ್ಪು. ನೋಡ್ಕೊಂಡು ಸುಮ್ನಿರ್ಲಾ?”

“ತುಂಡಿಗೆ ಬಟ್ಟೆ ಎಲ್ಲಿಂದ ಬಂತು ಅತ್ತೆ?”

“ಪೆಟ್ಟಿಗೆ ತಳದಲ್ಲಿ ಬೆಲ್ಟುಗಳ ಪೊಟ್ಟಣ ಇತ್ತು. ಕತ್ತರಿಸಿದೆ.”

ಬೆಲ್ಟು! ನಾನು ಜಾಡಿಸಿ ಬರೆದ ಈಮೇಲು ಕಣ್ಣ ಮುಂದೆ ಬಂತು.

“ಸಣ್ಣವರ ಬಟ್ಟೇನೇ ಸುತ್ತಲೂ ಎಳೆದು ದೊಡ್ಡದು ಮಾಡಿದ್ದಾರೆ” ಎಂದು ಅತ್ತೆಯವರು ಟೀಚರಿಗೆ ವಿವರಿಸುತ್ತಿದ್ದರು. “ಮನುಷ್ಯರೇನು ಬಲೂನಾ, ಎಲ್ಲಾ ಕಡೆ ಒಂದೇ ಸಮ ಊದೋಕೆ?”

ಟೀಚರ್ ಗಣಿತದವರು, ತಕ್ಷಣ ಒಪ್ಪಿದರು.

ಮಾರ್ಚ್ 22, ಶನಿವಾರ

ಯಾರ ಜೊತೆಗೂ ಮಾತಿಲ್ಲ. ಸೌತೆಕಾಯಿಯ ಜೊತೆಗೂ ಇಲ್ಲ.

ಹಾಗಾದರೆ ನಾನು ಇಳಿದೇ ಇಲ್ಲ. ಮೂರು ವಾರ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡದ್ದು ದಂಡ. ತೂಕದ ಯಂತ್ರ ಸರಿಯಾಗಿಯೇ ಇದೆ.

ಮಾರ್ಚ್ 25, ಮಂಗಳವಾರ
ಫಾಲೋವರ್ಸ್: 41,018.

ಮಾರ್ಕೆಟಿಂಗ್ ಹುಡುಗಿಯ ಫೋನು. ‘ಸೂಪರ್’ ಇಲ್ಲ. ಹತ್ತೊಂಬತ್ತು ಜನ ಬಟ್ಟೆ ವಾಪಸು ತಂದರಂತೆ, ಎಲ್ಲರೂ ನನ್ನ ಫೋಟೊ ತೋರಿಸಿ, “ಇದು ಬೇಕು” ಎನ್ನುತ್ತಾರಂತೆ. ಬೆಲ್ಟಿನ ಬಗ್ಗೆ ನಾನು ಬರೆದದ್ದರಿಂದ ಪ್ಯಾಕಿಂಗಿನವರನ್ನು ವಿಚಾರಿಸಿದರೆ ಅವರು ಹನ್ನೆರಡೂ ಹಾಕಿದ್ದೇವೆಂದು ಆಣೆ ಮಾಡುತ್ತಿದ್ದಾರಂತೆ. “ಗುರುವಾರ ಎಲ್ಲಾ ಬಟ್ಟೆ ತಗೊಂಡು ಆಫೀಸಿಗೆ ಬನ್ನಿ ಮ್ಯಾಮ್.”

ಮಾಡಿದ್ದುಣ್ಣೋ ಮಹರಾಯ. ಆದರೆ ಮಾಡಿದ್ದು ಒಬ್ಬರು, ಉಣ್ಣುವುದು ನಾನು. ಅತ್ತೆಯವರ ಮುಂದೆ ನಿಂತು ಕೂಗಾಡಿದೆ. ಹದಿನಾಲ್ಕು ವರ್ಷದಲ್ಲಿ ಇದೇ ಮೊದಲು. “ನನ್ನ ಕಿಟಕಿ ಹಾಳು ಮಾಡಿದ್ರಿ” ಎಂದೆ. ಯಾವ ಕಿಟಕಿ ಎಂದರು. ಸಿಟ್ಟಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ, ಮೂರನೇ ಮಹಡಿ, ಪರದೆ, ಸೋಫಾ ಕವರು, ಎದುರಿನ ಪಾದಚಾರಿ ದಾರಿ. ಅತ್ತೆಯವರು ಸೂಜಿಗೆ ದಾರ ಪೋಣಿಸುತ್ತಾ ಕೇಳಿದರು. ಮೂರು ಸಲ ತಪ್ಪಿತು. ಆಮೇಲೆ, “ಗುರುವಾರ ನಾನೂ ಬರ್ತೀನಿ” ಎಂದರು.

ಬೇಡವೆಂದೆ. ನನ್ನ ‘ಬೇಡ’ಕ್ಕೆ ಈ ಮನೆಯಲ್ಲಿ ಯಾವ ಬೆಲೆಯಿದೆ?

ಮಾರ್ಚ್ 27, ಗುರುವಾರ
ಫಾಲೋವರ್ಸ್: ನೋಡಲಿಲ್ಲ.

ನಾಲ್ಕನೇ ಮಹಡಿಯ ಆಫೀಸು. ಉದ್ದ ಮೇಜು, ಗೋಡೆಯ ಪಕ್ಕ ತಲೆಯಿಲ್ಲದ ಗೊಂಬೆಗಳು. ಮ್ಯಾನೇಜರ್ ಕಪ್ಪು ಕೋಟಿನವರು, ಸಣ್ಣಗೆ ಮಾತಾಡುವವರು.

“ಮೇಡಂ, ಫೋಟೋದಲ್ಲಿ ನೀವು ಹಾಕಿರೋದು ನಮ್ಮ ಬಟ್ಟೆ ಅಲ್ಲ.”

“ನಿಮ್ಮದೇ” ಎಂದರು ಅತ್ತೆ. “ನಾನು ಸರಿ ಮಾಡಿದ್ದು ಅಷ್ಟೇ.”

“ಸರಿ ಮಾಡೋಕೆ ನಿಮಗೆ ಯಾರು ಹೇಳಿದ್ರು?”

“ತಪ್ಪು ಮಾಡೋಕೆ ನಿಮಗೆ ಯಾರು ಹೇಳಿದ್ರು?”

ಮಾರ್ಕೆಟಿಂಗ್ ಹುಡುಗಿ ನೀರು ಕುಡಿಯುತ್ತಿದ್ದವಳು ಕೆಮ್ಮಿದಳು. ಮ್ಯಾನೇಜರ್ ಕರಾರಿನ ನಾಲ್ಕನೇ ಪುಟ ತೆಗೆದು ತೋರಿಸಿದರು. ‘ಉಡುಪುಗಳಲ್ಲಿ ಯಾವುದೇ ಬದಲಾವಣೆ ಮಾಡತಕ್ಕದ್ದಲ್ಲ.’ ಇಂಗು ತಿಂದ ಮಂಗನ ಹಾಗೆ ಕೂತೆ. ನಾನು ಓದಿದ್ದು ಏಳನೆಯ ಪುಟ ಮಾತ್ರ.

ಆದರೆ ಅವರಿಗೆ ಕಟೌಟ್ ಸಿದ್ಧವಾಗಿದೆ, ಜನ ನನ್ನನ್ನು ಕೇಳುತ್ತಿದ್ದಾರೆ. ಆದ್ದರಿಂದ ಒಂದು ದಾರಿ ಹೇಳಿದರು. ಬ್ಲಾಗಿನಲ್ಲಿ ನಾನು ಹೀಗೆ ಬರೆಯಬೇಕು: ‘ಫೋಟೊದಲ್ಲಿರುವುದು ಅಂಗಡಿಯ ಬಟ್ಟೆಯೇ. ಕೆಲವರು ತಮ್ಮ ಮೈಯ ಅಳತೆಯನ್ನು ಒಪ್ಪಿಕೊಳ್ಳಲಾರದೆ ಚಿಕ್ಕದನ್ನು ಆರಿಸುತ್ತಿದ್ದಾರೆ. ಒಂದು ಸೈಜು ದೊಡ್ಡದು ತೆಗೆದುಕೊಳ್ಳಿ.’ ಇಷ್ಟು ಬರೆದರೆ ಕಿಟಕಿ ನನ್ನದು. ಸೋಮವಾರದ ತನಕ ಸಮಯ.

“ಒಂದು ಸೈಜು ದೊಡ್ಡದು ಇದ್ಯಾ?” ಎಂದು ಕೇಳಿದೆ.

“ಇದೆ. ಅದೇ ಕೊನೇದು.”

ಅವರು ಎದ್ದು ಹೋಗುವಾಗ ನೋಡಿದೆ, ಕೋಟಿನ ಬೆನ್ನ ಹೊಲಿಗೆ ಬಾಯಿ ಬಿಟ್ಟಿದ್ದ ಜಾಗಕ್ಕೆ ಕೆಂಪು ಬಾಣ ಬಿದ್ದಿತ್ತು. ಅತ್ತೆ ಯಾವಾಗ ಅಂಟಿಸಿದರೋ ದೇವರಿಗೇ ಗೊತ್ತು. ಅದೇ ಬಾಣ ಹೊತ್ತು ಅವರು ಅಂಗಡಿಯೆಲ್ಲ ಸುತ್ತುತ್ತಿದ್ದುದನ್ನು ಇಳಿಯುವಾಗ ಪ್ರತಿ ಮಹಡಿಯಲ್ಲೂ ಕಂಡೆವು. ಯಾರೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ.

ಮಾರ್ಚ್ 29, ಶನಿವಾರ

ಬೆಳಗಿನಿಂದ ಆ ಮೂರು ಸಾಲನ್ನು ಹನ್ನೊಂದು ಸಲ ಬರೆದೆ, ಹನ್ನೊಂದು ಸಲ ಅಳಿಸಿದೆ. ನನಗೆ ಆ ಕಿಟಕಿ ಬೇಕು. ಯಾರೇನು ಅಂದುಕೊಂಡರೂ ಬೇಕು. ಅದರ ಮುಂದೆ ತಲೆ ಎತ್ತಿ ನಡೆಯಬೇಕು. ಅತ್ತೆ ಏನಾದರೂ ಹೇಳಿದ್ದರೆ ಜಗಳವಾಡಿ ಹಗುರವಾಗುತ್ತಿದ್ದೆ. ಅವರು ಒಂದು ಬಾಣವನ್ನೂ ಅಂಟಿಸಲಿಲ್ಲ.

ಕೊನೆಗೆ ಒಂದು ಉಪಾಯ ಹೊಳೆಯಿತು. ಆ ಕೊನೆಯ ಸೈಜು ನನಗೆ ಹತ್ತಿದರೆ, ಬರೆಯುವುದರಲ್ಲಿ ಅರ್ಧವಾದರೂ ನಿಜವಿರುತ್ತದೆ. ಕ್ಲಿನಿಕ್ಕಿನಿಂದ ಮಧ್ಯಾಹ್ನ ಹೋದೆ. ಮೂರನೇ ಮಹಡಿ ಹತ್ತಿದೆ. ಪರದೆಗಳ ಪಕ್ಕದ ಕಂಬಿಯಲ್ಲಿ ನೇತುಹಾಕಿದ್ದರು. ಅದೇ ಹಸಿರು, ಎಲ್ಲಕ್ಕಿಂತ ದೊಡ್ಡದು. ಟ್ರಯಲ್ ರೂಮಿನಲ್ಲಿ ತೊಟ್ಟೆ. ಸೊಂಟದಲ್ಲಿ ಇನ್ನೊಬ್ಬಳು ಹಿಡಿಯುವಷ್ಟು ಜಾಗ. ಭುಜ ಎಲ್ಲೋ ಊರಾಚೆ. ಎರಡೂ ಕೈ ಎತ್ತಿದೆ.

ಇಳಿಯಲಿಲ್ಲ.

ಹತ್ತು ನಿಮಿಷ ಹಾಗೇ ನಿಂತಿದ್ದೆ. ಆಮೇಲೆ ಮೆಲ್ಲಗೆ, “ಯಾರಾದ್ರೂ ಇದ್ದೀರಾ?” ಎಂದೆ. ಮಾರುವ ಹುಡುಗಿ ಪರದೆ ಸರಿಸಿ ಬಂದಳು. ಗಾಬರಿಯಾಗಲಿಲ್ಲ, ಅಭ್ಯಾಸವಿದ್ದಂತೆ ನನ್ನನ್ನು ಬಗ್ಗಿಸಿದಳು.

“ಇವತ್ತು ನೀವು ನಾಲ್ಕನೆಯವರು ಮ್ಯಾಮ್. ಬೆಳಿಗ್ಗೆ ಬಂದವರು ಅತ್ಬಿಟ್ರು. ನನ್ನ ಮೈಯೇ ಸರಿ ಇಲ್ಲಮ್ಮ, ಬಟ್ಟೆ ಏನು ಮಾಡುತ್ತೆ ಅಂತ ಅವರನ್ನ ಅವರೇ ಬೈಕೊಂಡು ಹೋದ್ರು. ನಮ್ಮ ಯೂನಿಫಾರ್ಮೂ ಇದೇ ಕಥೆ.” ಅವಳು ಕೈ ಎತ್ತಿ ತೋರಿಸಿದಳು. ಕಂಕುಳಲ್ಲಿ ಎರಡು ಪಿನ್ನು.

ಆವತ್ತಿನ ಹುಡುಗಿ ಇವಳೇ ಇರಬಹುದು, ಅಲ್ಲದೆಯೂ ಇರಬಹುದು. ಆವತ್ತು ಅವಳು ತಲೆ ಎತ್ತಿರಲಿಲ್ಲ. ಅವಳ ಮಾತು ಕೇಳಿದ ಮೇಲೆ ನಾನೂ ಎತ್ತಿರಲಿಲ್ಲ.

ಮನೆಗೆ ಬಂದು ಕೈಚೀಲ ಇಡದೆ ಹೇಳಿದೆ, “ಅತ್ತೆ, ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ ಅಂತಾರಲ್ಲ...”

“ಇಲ್ಲಿ ನೆಲಾನೇ ಡೊಂಕು ಕಣೇ” ಎಂದರು ಅತ್ತೆ. “ಮೂವತ್ತೊಂದು ವರ್ಷ ನೆಲಾನೇ ಅಳೆದವಳು ನಾನು. ಕೂತ್ಕೋ, ಊಟ ಮಾಡು.”

ಎರಡು ಸಲ ಬಡಿಸಿಕೊಂಡೆ.

ಮಾರ್ಚ್ 30, ಭಾನುವಾರ

ಇಂದಿನ ಫೋಟೊದಲ್ಲಿ ನಾನಿಲ್ಲ. ಟೀಚರಿನ ಹಸಿರು ಮತ್ತು ನನ್ನ ಹಸಿರು, ಎರಡನ್ನೂ ತಿರುವಿ ಮೇಜಿನ ಮೇಲೆ ಹಾಸಿ, “ಬಾಣ ಅಂಟಿಸಿಕೊಡಿ ಅತ್ತೆ” ಎಂದೆ. ದೀಪ ಹಿಡಿದವರೂ ಅವರೇ. ಕೆಳಗೆ ಬರೆದೆ: “ನನಗೆ ಹತ್ತಿದ್ದು ಅಂಗಡಿಯ ಬಟ್ಟೆಯಲ್ಲ, ನಮ್ಮತ್ತೆ ಬಿಚ್ಚಿ ಹೊಲಿದದ್ದು. ನನಗೇ ಗೊತ್ತಿರಲಿಲ್ಲ, ಕ್ಷಮಿಸಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬೇಡಿ. ನಿಮ್ಮ ಮೈಯನ್ನು ಬೈಯುವ ಮೊದಲು ಬಟ್ಟೆಯ ಒಳಮಗ್ಗುಲು ನೋಡಿ. ಸೌತೆಕಾಯಿಯ ಬಗ್ಗೆ ಬರೆದದ್ದನ್ನು ವಾಪಸು ತೆಗೆದುಕೊಂಡಿದ್ದೇನೆ.”

ಕಳಿಸುವ ಗುಂಡಿ ಒತ್ತಿದೆ. ಇವರು ಪಕ್ಕದಲ್ಲಿ ನಿಂತು ಜೋರಾಗಿ ಬ್ರೇಕು ಒತ್ತಿದರು. ಗಾಡಿ ನಿಲ್ಲಲಿಲ್ಲ.

ಏಪ್ರಿಲ್ 1, ಮಂಗಳವಾರ

ಈಮೇಲು ಬಂತು. ಎರಡೇ ಸಾಲು. ಕೊಲಾಬರೇಷನ್ ರದ್ದು. ಕಟೌಟ್ ಬಳಸುವುದಿಲ್ಲ.

ಇವತ್ತಿನ ತಾರೀಕು ನೋಡಿ ಇವರು, “ತಮಾಷೆಗೆ ಇರ್ಬೇಕು ಬಿಡು” ಎಂದರು. ನಾನೂ ಮಧ್ಯಾಹ್ನದ ತನಕ ಹಾಗೇ ನಂಬಿದ್ದೆ. ಆಮೇಲೆ ಕ್ಲಿನಿಕ್ಕಿನ ಎಕ್ಸ್‌ರೇ ಕೋಣೆಗೆ ಹೋಗಿ ಅತ್ತೆ. ಚೆನ್ನಾಗಿ ಅತ್ತೆ. ಡಾಕ್ಟರ್ ಬಾಗಿಲು ತೆರೆದು ನೋಡಿ, “ಅಳಿ ಅಳಿ, ಹೊರಗೆ ಇರೋರಿಗೆ ಹಲ್ಲು ಕಿತ್ತಿದ್ದು ಅಂತ ಹೇಳ್ತೀನಿ” ಎಂದು ಬಾಗಿಲು ಹಾಕಿಕೊಂಡು ಹೋದರು.

ಏಪ್ರಿಲ್ 6, ಭಾನುವಾರ

ಇಂದು ಅಲ್ಲಿ ಉದ್ಘಾಟನೆ. ನಾನು ಹೋಗಲಿಲ್ಲ. ಇವರು ಹೊಸ ವಿದ್ಯಾರ್ಥಿಯ ಕೈಯಲ್ಲಿ ಕಾರು ಕೊಟ್ಟು ಅದೇ ರಸ್ತೆಯಲ್ಲಿ ಮೂರು ಸುತ್ತು ಹೊಡೆಸಿ ವರದಿ ತಂದರು. ಕಿಟಕಿಯಲ್ಲಿ ಯಾರೋ ತೆಳ್ಳಗಿನವಳ ಫೋಟೊ, ಬಟ್ಟೆಯನ್ನು ಹಿಂದಿನಿಂದ ಹಿಡಿದು ಕಟ್ಟಿದ್ದಾರಂತೆ. “ಕೈ ಕೆಳಗೇ ಇತ್ತು” ಎಂದರು.

ಬೇಜಾರು ಮಾಡಿಕೊಳ್ಳಲು ಕೂತಿದ್ದೆ. ಅಷ್ಟರಲ್ಲಿ ಟೀಚರ್ ತಮ್ಮ ಶಾಲೆಯ ಇಬ್ಬರನ್ನು ಕರೆತಂದರು, ಕೈಯಲ್ಲಿ ಬಟ್ಟೆಯ ಚೀಲ. ಆಮೇಲೆ ಗುರುತಿಲ್ಲದ ಮೂವರು ಬ್ಲಾಗು ಓದಿ ವಿಳಾಸ ಹುಡುಕಿಕೊಂಡು ಬಂದರು. ಅತ್ತೆ ಯಂತ್ರದಲ್ಲಿ, ನಾನು ಮೇಜಿನಲ್ಲಿ. ತಿರುವುವುದು, ಬಾಣ ಅಂಟಿಸುವುದು, ಭುಜ ಬಿಚ್ಚುವುದು ನನ್ನ ಪಾಲಿಗೆ ಬಂತು. ಟೀಚರಿನ ಗೆಳತಿಯರದರಲ್ಲಿ ಬೆನ್ನಿನ ಪಟ್ಟಿ ಒಂದು ಬೆರಳು ಗಿಡ್ಡ, ಬಟ್ಟೆಯ ಅಡ್ಡ ಎಳೆಯನ್ನು ಉದ್ದಕ್ಕೆ ಹಾಕಿ ಕತ್ತರಿಸಿದ್ದಾರೆ, ಹಾಗಾಗಿ ಎಳೆದರೂ ಬಗ್ಗುವುದಿಲ್ಲ. ಎಂಥ ಅನ್ಯಾಯದ ಕೆಲಸ! ಬೆಲ್ಟುಗಳು ಮಾತ್ರ ಉಪಯೋಗಕ್ಕೆ ಬರುತ್ತಿವೆ.

ಟೀಚರಿನ ಉಡುಪು ಮುಗಿದಾಗ ಹಸಿರು ಸ್ಟಿಕ್ಕರ್ ಅಂಟಿಸೋಣವೇ ಎಂದೆ. ಅತ್ತೆ ಕನ್ನಡಕದ ಮೇಲಿಂದ ನೋಡಿದರು. “ರಿಪೇರಿ ಆದದ್ದು ರಿಪೇರಿ ಆದದ್ದೇ. ಪಾಸ್ ಅಲ್ಲ. ಹಸಿರು ಅಂದ್ರೆ ಹುಡುಗಾಟ ಅಂದ್ಕೊಂಡ್ಯಾ?”

ನಾವು ಊಟಕ್ಕೆ ಕೂತಾಗ ಮಧ್ಯಾಹ್ನ ನಾಲ್ಕಾಗಿತ್ತು. ಉದ್ಘಾಟನೆಯ ಹೊತ್ತು ಯಾವಾಗ ದಾಟಿತೋ.

ಏಪ್ರಿಲ್ 12, ಶನಿವಾರ

ಅಂಗಡಿಯ ಆ ಪಿನ್ನಿನ ಹುಡುಗಿ ಫೋನ್ ಮಾಡಿದ್ದಳು. ನನ್ನ ಕಟೌಟ್ ಗೋಡೌನಿನಲ್ಲಿದೆ, ಸೋಮವಾರ ರದ್ದಿಗೆ ಹಾಕುತ್ತಾರೆ, ಬೇಕಾದರೆ ಒಯ್ಯಿರಿ ಎಂದು. ಬೇಡ ಎಂದೆ. ಅತ್ತೆ ಫೋನ್ ಕಿತ್ತುಕೊಂಡು, “ಬರ್ತಾರೆ ಇರಮ್ಮ, ನಿನ್ನ ಯೂನಿಫಾರ್ಮೂ ಕಳಿಸು” ಎಂದರು.

ಇವರು ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ತಂದರು. ಎರಡೂ ಕೈ ಎತ್ತಿದ ಆಳೆತ್ತರದವಳು ಕಾರಿನೊಳಗೆ ಹಿಡಿಯಲಿಲ್ಲ. ಸೊಂಟದಿಂದ ಮೇಲಿನದು ಕಿಟಕಿಯಾಚೆ ಚಾಚಿತ್ತು, ಮುಂದೆ ‘ಕಲಿಯುವವರು’ ಫಲಕ. ರಸ್ತೆಯಲ್ಲಿ ಮಂದಿ ಪಾಪ ಪಕ್ಕಕ್ಕೆ ಸರಿದು ದಾರಿ ಬಿಟ್ಟರಂತೆ.

ಅತ್ತೆ ಅದನ್ನು ಹೊರಗಿನ ಕೋಣೆಯ ಕಿಟಕಿಯಲ್ಲಿ, ಯಂತ್ರದ ಪಕ್ಕ, ರಸ್ತೆಗೆ ಮುಖ ಮಾಡಿ ನಿಲ್ಲಿಸಿದ್ದಾರೆ. “ಬರೋರಿಗೆ ಮನೆ ಗುರುತು ಸಿಗುತ್ತೆ” ಎಂದರು. ಸಂಜೆ ಅಂಚೆಯವನು ಅದನ್ನು ನೋಡಿ ತಾನೂ ಎರಡೂ ಕೈ ಎತ್ತಿ ನಿಂತನು. ಒಳಗೆ ಕಳ್ಳರಿದ್ದಾರೆ ಅಂದುಕೊಂಡನಂತೆ.

ಏಪ್ರಿಲ್ 17, ಗುರುವಾರ

ಪಿನ್ನಿನ ಹುಡುಗಿಯ ಯೂನಿಫಾರ್ಮು ಮುಗಿಯಿತು. ಅತ್ತೆ ಹೊಲಿದು ಕೊಟ್ಟದ್ದನ್ನು ಮಡಿಸುವ ಮೊದಲು ಸುಮ್ಮನೆ ತಿರುವಿ ನೋಡಿದೆ. ಎಡಗಂಕುಳಲ್ಲಿ, ತುಂಡು ಕೂಡುವ ಮೂಲೆಯಲ್ಲಿ, ಮೂರು ಹೊಲಿಗೆ ತಪ್ಪಿತ್ತು. ಮತ್ತೆ ನೋಡಿದೆ. ತಪ್ಪಿತ್ತು. ಅತ್ತೆಯ ಕಣ್ಣು ಮೊದಲಿನ ಹಾಗಿಲ್ಲ, ಸೂಜಿ ಪೋಣಿಸುವಾಗಲೇ ಗಮನಿಸಬೇಕಿತ್ತು ನಾನು.

ಬಾಯಲ್ಲಿ ಹೇಳಲು ಧೈರ್ಯವಾಗಲಿಲ್ಲ. ಒಂದು ಕೆಂಪು ಬಾಣ ಅಂಟಿಸಿ ಯಂತ್ರದ ಮೇಲಿಟ್ಟು ಅಡುಗೆಮನೆಗೆ ಓಡಿದೆ.

ಅಲ್ಲಿಂದಲೇ ಕಿವಿಗೊಟ್ಟೆ. ಆಮೇಲೆ ಹೊಲಿಗೆ ಬಿಚ್ಚುವ ಸದ್ದು, ಆಮೇಲೆ ಯಂತ್ರದ ಸದ್ದು. ಊಟಕ್ಕೆ ಬಂದಾಗ ಅತ್ತೆ ಮುಖ ಗಂಟು ಹಾಕಿಕೊಂಡಿದ್ದರು. ಅತಿಯಾಯಿತೇನೋ ನನ್ನದು. ನಾಳೆ ಅವರಿಗೆ ಕಣ್ಣಿನ ಡಾಕ್ಟರ ಹತ್ತಿರ ಸಮಯ ತೆಗೆದುಕೊಳ್ಳಬೇಕು.

ಏಪ್ರಿಲ್ 19, ಶನಿವಾರ

ಕ್ಲಿನಿಕ್ಕಿನಿಂದ ಬರುವಾಗ ಪೇಟೆಯ ರಸ್ತೆಯಲ್ಲೇ ಬಂದೆ. ಅಂಗಡಿಯ ಪಕ್ಕದ ಪಾದಚಾರಿ ದಾರಿಯಲ್ಲೇ ನಡೆದೆನೆಂದು ಈಗ ಬರೆಯುವಾಗ ನೆನಪಾಗುತ್ತಿದೆ. ಕಿಟಕಿಯಲ್ಲಿದ್ದವಳ ಬಲಭುಜ ಅರ್ಧ ಬೆರಳು ಇಳಿದಿದೆ, ಅಷ್ಟು ಕಂಡಿತು.

ನಮ್ಮ ಬೀದಿಗೆ ತಿರುಗಿದಾಗ ದೂರದಿಂದಲೇ ನಮ್ಮ ಕಿಟಕಿ ಕಂಡಿತು. ಎರಡೂ ಕೈ ಎತ್ತಿ ನಿಂತಿದ್ದೇನೆ. ಹತ್ತಿರ ಬಂದರೆ ಮೈಮೇಲೆಲ್ಲ ಏನೋ ಅಂಟಿಸಿದ ಹಾಗಿದೆ. ಅತ್ತೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಹೊಸ ಕನ್ನಡಕ ಹಾಕಿಸಿಕೊಂಡು ಬಂದಿದ್ದರು. ಮೊದಲು ಕೂತದ್ದು ನನ್ನ ತಪಾಸಣೆಗೆ. ಫೋಟೊದಲ್ಲಿನ ಹಸಿರು ಉಡುಪಿಗೆ, ತಾವೇ ಹೊಲಿದದ್ದಕ್ಕೆ, ನಾಲ್ಕು ಕೆಂಪು ಬಾಣ. ಎರಡು ಭುಜಕ್ಕೆ, ಒಂದು ಕುತ್ತಿಗೆಗೆ, ಒಂದು ಕೆಳಗಿನ ಅಂಚಿಗೆ.

ಮತ್ತೆ ಹಣೆಯ ಮೇಲೆ, ನಟ್ಟನಡುವೆ, ಒಂದು ಹಸಿರು ಹದಿನೇಳು.

ಒಳಗೆ ಬಂದೆ. ಮೇಜಿನ ಮೇಲೆ ಹಸಿರು ಸುರುಳಿ ಇತ್ತು, ಪ್ಲಾಸ್ಟಿಕ್ ಕೆಳಗೆ ಬಿದ್ದಿತ್ತು. ಅತ್ತೆ ಯಂತ್ರದಿಂದ ತಲೆ ಎತ್ತಲಿಲ್ಲ. “ಆ ಪ್ಲಾಸ್ಟಿಕ್ ಗುಡಿಸ್ಬಿಡು” ಎಂದರು. ಗುಡಿಸಿದೆ.

ಸ್ಟಿಕ್ಕರನ್ನು ತೆಗೆಯೋಣವೆಂದು ಉಗುರು ಹಾಕಿ ನೋಡಿದೆ. ಗಟ್ಟಿಯಾಗಿ ಕೂತಿದೆ, ಎಳೆದರೆ ಹಣೆಯ ಕಾಗದವೂ ಕಿತ್ತು ಬರುತ್ತದೆ. ಇರಲಿ ಎಂದು ಬಿಟ್ಟೆ.